ಬೆಳಗಾದ ಮೇಲೂ ಬಿಡದ ಭಯ

ದೆವ್ವದ ಕಥೆಯಲ್ಲಿ ಕೋಳಿ ಕೂಗಿತೆಂದರೆ ಗಂಡಾಂತರ ಕಳೆದಂತೆ. ಹಾರರ್ ಸಿನಿಮಾಗಳೂ ಬಹುಮಟ್ಟಿಗೆ ಇದನ್ನೇ ನಂಬಿಕೊಂಡಿವೆ. ಬೆಳಕು ಹರಿಯುತ್ತದೆ, ಪೊಲೀಸರು ಬರುತ್ತಾರೆ, ಉಳಿದವರು ಬದುಕಿಕೊಳ್ಳುತ್ತಾರೆ. ಇಂಥ ಚಿತ್ರಗಳನ್ನು ಈಗಷ್ಟೇ ನೋಡತೊಡಗಿದವರಿಗೆ ನಾನು ಕೇಳುವ ಮೊದಲ ಪ್ರಶ್ನೆ: ಬೆಳಗಾದರೆ ಕಳೆಯುವುದು ಯಾರ ಭಯ?

ಅಮೆರಿಕದ ಹಳೆಯ ಹಾರರ್ ಚಿತ್ರಗಳಲ್ಲಿ ಕಪ್ಪು ಜನರಿಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಕಣ್ಣರಳಿಸಿ ಓಡುವ ಆಳಿನ ಪಾತ್ರ, ಇಲ್ಲವೇ ಮಾಟಗಾರನ ಪಾತ್ರ. ಅವರ ಹೆದರಿಕೆ ಉಳಿದವರಿಗೆ ನಗು ತರಿಸಲಿಕ್ಕೆ ಇತ್ತು. 1968ರಲ್ಲಿ ಬಂದ ಜಾರ್ಜ್ ರೊಮೆರೊ ಅವರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಈ ರೂಢಿಯನ್ನು ಮುರಿಯಿತು. ಅದರ ನಾಯಕ ಬೆನ್ ಪಾತ್ರ ಮಾಡಿದ್ದು ಡ್ವೇನ್ ಜೋನ್ಸ್ ಎಂಬ ಕಪ್ಪು ನಟ. ಕಪ್ಪು ನಟನೇ ಬೇಕೆಂದು ಯಾರೂ ಹುಡುಕಿರಲಿಲ್ಲ. ಪರೀಕ್ಷೆಗೆ ಬಂದವರಲ್ಲಿ ಆತನೇ ಚೆನ್ನಾಗಿ ಮಾಡಿದ ಎಂದು ರೊಮೆರೊ ಹೇಳುತ್ತಿದ್ದರು. ಇಡೀ ಚಿತ್ರದಲ್ಲಿ ಒಬ್ಬರೂ ಬೆನ್‌ನ ಬಣ್ಣದ ಮಾತೆತ್ತುವುದಿಲ್ಲ.

ಆದರೆ ಕೊನೆಯನ್ನು ನಿಧಾನವಾಗಿ ನೋಡಿ. ಸತ್ತವರು ಎದ್ದು ಬಂದು ಮುತ್ತಿದ ತೋಟದಮನೆಯಲ್ಲಿ ಬೆನ್ ರಾತ್ರಿಯಿಡೀ ಕಿಟಕಿ ಬಾಗಿಲಿಗೆ ಹಲಗೆ ಹೊಡೆದು ಕಾದಾಡಿದ್ದಾನೆ. ಬದುಕಿ ಉಳಿದವನು ಅವನೊಬ್ಬನೇ. ಬೆಳಗಾಗುತ್ತದೆ, ಹೊರಗೆ ನಾಯಿಗಳ ಸದ್ದು, ಕೋವಿ ಹಿಡಿದ ಬಿಳಿಯರ ಗುಂಪು. ನೆಲಮಾಳಿಗೆಯಿಂದ ಮೇಲೆ ಬಂದು ಕಿಟಕಿಯಲ್ಲಿ ಇಣುಕುತ್ತಾನೆ. ಶವವೊಂದು ಓಡಾಡುತ್ತಿದೆ ಎಂದುಕೊಂಡು ಅವನ ಹಣೆಗೆ ಗುಂಡು ಹೊಡೆಯುತ್ತಾರೆ. ಅಲ್ಲಿಗೆ ಚಿತ್ರದ ಚಲನೆಯೇ ನಿಲ್ಲುತ್ತದೆ. ಮುಂದೆ ಬರುವುದು ಬಹುಪಾಲು ಪತ್ರಿಕೆಯಲ್ಲಿ ಅಚ್ಚಾದಂಥ ಒರಟು ಸ್ಥಿರಚಿತ್ರಗಳು: ಕೊಕ್ಕೆ ಹಿಡಿದ ಕೈಗಳು, ಎಳೆದೊಯ್ಯುವ ದೇಹ, ಸೌದೆಯ ರಾಶಿ. ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಗಿದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ. ಕಪ್ಪು ಜನರನ್ನು ಗುಂಪುಗೂಡಿ ಕೊಂದು, ಶವದ ಪಕ್ಕ ನಿಂತು ಫೋಟೊ ತೆಗೆಸಿಕೊಂಡ ಚರಿತ್ರೆ ಆ ದೇಶದ್ದು. ಈ ಸ್ಥಿರಚಿತ್ರಗಳನ್ನು ಕಂಡಾಗ ಆ ಫೋಟೊಗಳು ನೆನಪಾಗದೆ ಇರುವುದಿಲ್ಲ. ಸತ್ತವರು ನಡೆದು ಬಂದದ್ದಕ್ಕಿಂತ ಈ ಎರಡು ನಿಮಿಷ ನನ್ನನ್ನು ಹೆಚ್ಚು ಕಾಡಿವೆ.

(ಶೀರ್ಷಿಕೆ ಬದಲಿಸುವಾಗ ಹಕ್ಕುಸ್ವಾಮ್ಯದ ಸಾಲು ಬಿಟ್ಟುಹೋದದ್ದರಿಂದ ಈ ಚಿತ್ರ ಅಮೆರಿಕದಲ್ಲಿ ಸಾರ್ವಜನಿಕರ ಸ್ವತ್ತಾಯಿತು. ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತದೆ.)

1973ರಲ್ಲಿ ಬಿಲ್ ಗನ್ ಎಂಬ ಕಪ್ಪು ನಿರ್ದೇಶಕರು ಇದೇ ಜೋನ್ಸ್ ಅವರನ್ನಿಟ್ಟುಕೊಂಡು ‘ಗಾಂಜಾ ಅಂಡ್ ಹೆಸ್’ ಮಾಡಿದರು. ಅದನ್ನು ಆಮೇಲೆ ನೋಡಿದರಾಯಿತು. ಬೆನ್ ಕಥೆ ಮುಗಿದ ಕೂಡಲೇ ನೋಡಬೇಕಾದದ್ದು ಜೋರ್ಡನ್ ಪೀಲ್ ಅವರ ‘ಗೆಟ್ ಔಟ್’ (2017). ಮೂಲ ಚಿತ್ರಕಥೆಗೆ ಆಸ್ಕರ್ ಗೆದ್ದ ಮೊದಲ ಕಪ್ಪು ಲೇಖಕ ಪೀಲ್. ಇಲ್ಲಿ ಕ್ಯಾಮೆರಾ ಕ್ರಿಸ್ ಎಂಬ ಕಪ್ಪು ತರುಣನ ಜೊತೆಗೇ ಇರುತ್ತದೆ. ಬಿಳಿಯ ಗೆಳತಿಯ ಮನೆಯಲ್ಲಿ ಎಲ್ಲರೂ ನಗುನಗುತ್ತಲೇ ಮಾತಾಡುತ್ತಾರೆ, ಗೆಳತಿಯ ತಾಯಿ ಚಹಾದ ಬಟ್ಟಲಲ್ಲಿ ಚಮಚ ತಿರುಗಿಸುತ್ತಾಳೆ. ಆ ಸಣ್ಣ ಸದ್ದಿಗೇ ಕ್ರಿಸ್‌ನ ಮೈ ಮರಗಟ್ಟುತ್ತದೆ.

ಕೊನೆಗೆ ಕ್ರಿಸ್ ಆ ಮನೆಯಿಂದ ಹೇಗೋ ತಪ್ಪಿಸಿಕೊಂಡು ರಸ್ತೆಗೆ ಬಂದಾಗ ಕೆಂಪು ನೀಲಿ ದೀಪ ಮಿನುಗುವ ಗಾಡಿಯೊಂದು ಬಂದು ನಿಲ್ಲುತ್ತದೆ. ಬೇರೆ ಚಿತ್ರವಾಗಿದ್ದರೆ ನಾವು ಉಸ್ಸಪ್ಪಾ ಎನ್ನುತ್ತಿದ್ದೆವು. ಕ್ರಿಸ್ ಎರಡೂ ಕೈ ಮೇಲೆತ್ತುತ್ತಾನೆ. ಅವನ ಜೊತೆ ಅಷ್ಟು ಹೊತ್ತು ಕಳೆದ ನಮಗೂ ಎದೆ ಧಸಕ್ಕೆನ್ನುತ್ತದೆ. ಬಾಗಿಲು ತೆರೆದು ಇಳಿಯುವವನು ವಿಮಾನ ನಿಲ್ದಾಣದ ಭದ್ರತಾ ಕೆಲಸದಲ್ಲಿರುವ ಅವನ ಗೆಳೆಯ ರಾಡ್.

ಪೀಲ್ ಮೊದಲು ಚಿತ್ರೀಕರಿಸಿದ್ದ ಕೊನೆಯಲ್ಲಿ ಆ ಗಾಡಿಯಿಂದ ಇಳಿಯುವವರು ಪೊಲೀಸರೇ. ರಾಡ್ ಗೆಳೆಯನನ್ನು ನೋಡುವುದು ಜೈಲಿನಲ್ಲಿ, ಗಾಜಿನ ಆಚೆ.