ನೋಯದ ಹಲ್ಲನ್ನೂ ಒಮ್ಮೆ ತೋರಿಸು

ಪ್ರೀತಿಯ ಪುಟ್ಟಿ,

ಬಲ ದವಡೆಯಡಿಯ ಗಂಟು ಎರಡು ತಿಂಗಳಾದರೂ ಕರಗಿಲ್ಲ, ಎರಡು ಸಲ ಆಂಟಿಬಯೋಟಿಕ್ ನುಂಗಿದರೂ ಇಳಿದಂತೆ ಮಾಡಿ ಮತ್ತೆ ಊದುತ್ತದೆ ಎಂದು ಬರೆದಿದ್ದೀಯ. ನೀನು ಬರೆಯದೇ ಬಿಟ್ಟ ಹೆದರಿಕೆಯೂ ನನಗೆ ತಿಳಿಯಿತು. ಜನರ ಬಾಯಿ ನೋಡುತ್ತಲೇ ವಯಸ್ಸು ಕಳೆದವಳು ನಾನು. ಅದಕ್ಕೇ ಮೊದಲು ಕೇಳುವುದು ಇದೊಂದನ್ನೇ: ಹಲ್ಲಿನ ಡಾಕ್ಟರಿಗೆ ತೋರಿಸಿದೆಯಾ?

ಹಲ್ಲು ನೋಯುತ್ತಿಲ್ಲವಲ್ಲ ಅತ್ತೆ ಅನ್ನುತ್ತೀಯ. ಆದರೆ ಹೋದ ವರ್ಷ ಕೆಳಗಿನ ದವಡೆ ಹಲ್ಲು ಒಂದು ವಾರ ಜೀವ ತಿಂದು, ಆಮೇಲೆ ತಾನಾಗಿಯೇ ಸುಮ್ಮನಾಯಿತು ಅಂತಲೂ ಬರೆದಿದ್ದೀಯ. ಆ ಸಾಲು ಓದಿ ನನಗೆ ಸಮಾಧಾನವಾಗಲಿಲ್ಲ. ಹುಳುಕು ಹಲ್ಲಿನ ತಿರುಳು ಮುಟ್ಟಿದಾಗ ತಡೆಯಲಾರದ ನೋವು. ತಿರುಳು ಸತ್ತರೆ ಅದರ ನರವೂ ಸಾಯುತ್ತದೆ, ನೋವು ನಿಲ್ಲುತ್ತದೆ, ವಾಸಿಯಾಯಿತೆಂದು ಎಲ್ಲರೂ ಮರೆಯುತ್ತಾರೆ. ಸೋಂಕು ಮಾತ್ರ ಬೇರಿನ ತುದಿಯಿಂದ ಮೂಳೆಗಿಳಿದು, ತಿಂಗಳುಗಟ್ಟಲೆ ಅಲ್ಲೇ ಕೀವು ಕಟ್ಟುತ್ತಿರಬಹುದು. ಕೆಳಗಿನ ಮುಂಬಲ್ಲುಗಳ ದುಗ್ಧರಸ ಗದ್ದದಡಿಯ ಗ್ರಂಥಿಗಳಿಗೆ ಹರಿದರೆ, ಉಳಿದ ಬಹುಪಾಲು ಹಲ್ಲುಗಳದ್ದು ದವಡೆಯಡಿಯ ಗ್ರಂಥಿಗಳಿಗೆ ಬರುತ್ತದೆ. ಬಂದ ರೋಗಾಣುಗಳನ್ನು ಅಲ್ಲೇ ತಡೆದು ಹೊಡೆಯುವ ಕೆಲಸದಲ್ಲಿ ಗ್ರಂಥಿ ಊದುತ್ತದೆ.

ಮಾತ್ರೆಗೆ ಯಾಕೆ ಜಗ್ಗಲಿಲ್ಲ ಎಂಬುದಕ್ಕೂ ಉತ್ತರ ಅಲ್ಲೇ ಇರಬಹುದು. ಸತ್ತ ತಿರುಳಿಗೆ ರಕ್ತ ಹರಿಯುವುದಿಲ್ಲ. ರಕ್ತ ಹೋಗದ ಕಡೆ ಮದ್ದೂ ಹೋಗದು. ಕಾರಣ ಹಲ್ಲೇ ಆಗಿದ್ದರೆ ರೂಟ್ ಕೆನಾಲ್ ಮಾಡಿಸಬೇಕು, ಇಲ್ಲವೇ ಕೀಳಿಸಬೇಕು. ಲವಂಗದ ಎಣ್ಣೆ, ಉಪ್ಪುನೀರು ನೋವನ್ನಷ್ಟೇ ಮಂದ ಮಾಡುತ್ತವೆ. ಮೂರನೇ ಸಲ ಅದೇ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗಬೇಡ, ದಮ್ಮಯ್ಯ.

ಎಕ್ಸ್-ರೇ ಇಲ್ಲದೆ ಬರೀ ಕಣ್ಣಿಗೆ ಬೇರಿನ ತುದಿಯ ಸೋಂಕು ಎಷ್ಟೋ ಸಲ ಕಾಣದು. ಹಲ್ಲು ತಟ್ಟಿದರೆ ನೋಯುತ್ತದೆಯೇ, ವಸಡಿನ ಮೇಲೆ ಸಣ್ಣ ಕೀವುಗುಳ್ಳೆ ಇದೆಯೇ, ಅರ್ಧ ಮೂಡಿದ ಬುದ್ಧಿಹಲ್ಲಿನ ಮೇಲಿನ ವಸಡು ಬಾತಿದೆಯೇ ಎಂದು ಹಲ್ಲಿನ ಡಾಕ್ಟರು ನೋಡಲಿ. ನಿನ್ನ ವಯಸ್ಸಿನವರಲ್ಲಿ ಬುದ್ಧಿಹಲ್ಲಿನ ತಂಟೆ ಬಹಳ.

ಹಾಗೆಂದು ಎಲ್ಲವನ್ನೂ ಹಲ್ಲಿನ ಮೇಲೆ ಹೊರಿಸಲಾರೆ. ಹಲ್ಲು ಸರಿಪಡಿಸಿದ ಮೇಲೆ ಗಂಟು ಕೆಲವು ವಾರಗಳಲ್ಲಿ ಕುಗ್ಗುತ್ತಾ ಬರಬೇಕು, ಕಡಲೆಯಷ್ಟು ಉಳಿದರೂ ಪರವಾಗಿಲ್ಲ. ಕುಗ್ಗದಿದ್ದರೆ, ಅಥವಾ ಹಲ್ಲಿನಲ್ಲಿ ಏನೂ ಸಿಗದಿದ್ದರೆ, ಕಿವಿ-ಮೂಗು-ಗಂಟಲು ತಜ್ಞರ ಹತ್ತಿರ ಹೋಗಿ ಸೂಜಿ ಪರೀಕ್ಷೆ ಮಾಡಿಸು. ನಮ್ಮ ದೇಶದಲ್ಲಿ ಕುತ್ತಿಗೆಯ ಗಂಟು ಕರಗದಿದ್ದರೆ ಕ್ಷಯವನ್ನು ಮರೆಯುವಂತಿಲ್ಲ. ಹಿರಿಯರು ಗಂಡಮಾಲೆ ಎನ್ನುತ್ತಿದ್ದುದು ಅದನ್ನೇ. ಕೆಮ್ಮು ಇರಲೇಬೇಕೆಂದಿಲ್ಲ. ಶ್ವಾಸಕೋಶಕ್ಕೆ ತಗುಲದೆ ಗ್ರಂಥಿಯಲ್ಲಷ್ಟೇ ಇದ್ದರೆ ಸಾಮಾನ್ಯವಾಗಿ ಇನ್ನೊಬ್ಬರಿಗೆ ಅಂಟದು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ಸಾಮಾನ್ಯವಾಗಿ 6 ತಿಂಗಳು ತಪ್ಪದೆ ತೆಗೆದುಕೊಂಡರೆ ಗುಣವಾಗುತ್ತದೆ. ಮದುವೆಗೆ ಅಡ್ಡಿಯಾದೀತೆಂದು ಇದನ್ನು ಮುಚ್ಚಿಟ್ಟು ನರಳಿದ ಹೆಣ್ಣುಮಕ್ಕಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಿನ್ನ ಅಪ್ಪನಿಗೂ ಒಂದು ಮಾತು ಓದಿ ಹೇಳು. ಎಲೆಅಡಿಕೆಗೆ ಹೊಗೆಸೊಪ್ಪು ಸೇರಿಸಿ ಜಗಿಯುವವರ ಬಾಯಲ್ಲಿ ಎರಡು ವಾರವಾದರೂ ಮಾಯದ ಹುಣ್ಣು, ಕುತ್ತಿಗೆಯಲ್ಲಿ ನೋಯದ, ಅಲುಗಾಡದ ಗಟ್ಟಿ ಗಂಟು ಕಂಡರೆ ಒಂದು ದಿನವೂ ತಡಮಾಡಬಾರದು. ಕೊರಳ ಪಟ್ಟಿ ಮೂಳೆಯ ಮೇಲಿನ ಗಂಟು, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ಮೈ ಬೆವರುವುದು ಯಾರಿಗೇ ಆದರೂ ಬೇಗ ತೋರಿಸಬೇಕಾದವು.

ಇನ್ನೊಂದಿದೆ, ಅದಕ್ಕೆ ಬೆಳಗಾಗುವವರೆಗೆ ಕಾಯಬಾರದು. ನಾಲಿಗೆಯಡಿ ಊದಿಕೊಂಡು, ಬಾಯಿ ತೆರೆಯಲಾಗದೆ, ಜೊಲ್ಲು ನುಂಗಲಾಗದೆ, ಉಸಿರು ಕಟ್ಟಿದಂತಾದರೆ ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಓಡು. ಜರ್ಮನಿಯ ವೈದ್ಯ ಲುಡ್ವಿಗ್ 1836ರಲ್ಲಿ ವಿವರಿಸಿದ ಈ ಸ್ಥಿತಿಗೆ ಇಂದಿಗೂ ಅವರದೇ ಹೆಸರು. ಬಹಳಷ್ಟು ಸಲ ಅದು ಶುರುವಾಗುವುದು ಕೆಳದವಡೆಯ ಒಂದು ಕೆಟ್ಟ ಹಲ್ಲಿನಿಂದ.

ಗಂಟನ್ನು ಗಂಟೆಗೊಮ್ಮೆ ಹಿಸುಕಿ ನೋಡಬೇಡ, ಮುಟ್ಟಿದಷ್ಟೂ ನೋಯುತ್ತದೆ. ಈ ವಾರವೇ ಹೋಗು. ನುಂಗಿದ ಮಾತ್ರೆಗಳ ಚೀಟಿಗಳನ್ನು ಜೊತೆಗೊಯ್ಯು. ಎಕ್ಸ್-ರೇ ತೆಗೆಸಿದ ಕೂಡಲೇ ಅದರ ಫೋಟೋ ನನಗೆ ವಾಟ್ಸಾಪ್ ಮಾಡು.

ನಿನ್ನ ಅತ್ತೆ