ಅಮ್ಮನ ಬೀರು, ಅಟ್ಟದ ಹಿತ್ತಾಳೆ

ಹಿರಿಯರು ತೀರಿಕೊಂಡ ಮನೆಯನ್ನು ಖಾಲಿ ಮಾಡಬೇಕಾಗಿ ಬಂದವರಿಗೆ ನಾನು ಹೇಳುವುದು ಇಷ್ಟೇ: ಮೊದಲು ಕಾಗದಪತ್ರ, ಆಮೇಲೆ ಪಾತ್ರೆ ಪಡಗ, ಕೊನೆಗೆ ಸೀರೆ. ಬಹುತೇಕ ಮನೆಗಳಲ್ಲಿ ಇದು ತಿರುಗುಮುರುಗಾಗಿ ನಡೆಯುತ್ತದೆ. ಸೀರೆ ಮುಟ್ಟಿದ ಕೂಡಲೇ ಕಣ್ಣು ತುಂಬುತ್ತದೆ, ಆ ದಿನದ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಕಾಗದದ ಕಟ್ಟು ಮಾತ್ರ ಹಳೇ ರದ್ದಿ ಎಂದು ತಕ್ಕಡಿಗೆ ಬೀಳುತ್ತದೆ. ದುಡ್ಡು ಇರುವುದು ಎಷ್ಟೋ ಸಲ ಆ ಕಟ್ಟಿನಲ್ಲೇ.

ಮೈಸೂರಿನ ನಮ್ಮ ಮನೆಯಲ್ಲಿ ಅಮ್ಮನ ಬೀರುವಿನ ಒಳಖಾನೆಯಲ್ಲಿ, ಲಗ್ನಪತ್ರಿಕೆ ಮತ್ತು ಕರೆಂಟ್ ಬಿಲ್ಲುಗಳ ನಡುವೆ, ಅಪ್ಪನ ಹೆಸರಿನ ಷೇರುಪತ್ರಗಳು ಸಿಕ್ಕವು. ಅವರು ಹಿಂದೆ ಕೆಲಸದಲ್ಲಿದ್ದ ಊರಿನ ಬ್ಯಾಂಕಿನ ಪಾಸ್‌ಬುಕ್ಕೂ ಇತ್ತು. ಅದರ ಅಂಚನ್ನು ಜಿರಳೆ ತಿಂದಿತ್ತು, ಖಾತೆಯ ನಂಬರು ಉಳಿದಿತ್ತು.

ಇಂಥದ್ದು ಸಿಕ್ಕರೆ ಹಣ ಮುಳುಗಿಹೋಯಿತು ಎಂದುಕೊಳ್ಳಬೇಡಿ. 10 ವರ್ಷ ವಹಿವಾಟಿಲ್ಲದ ಖಾತೆಯ ಹಣವನ್ನು ಬ್ಯಾಂಕು ರಿಸರ್ವ್ ಬ್ಯಾಂಕಿನ ಬಳಿ ಇರುವ ನಿಧಿಗೆ ಕಳಿಸುತ್ತದೆ. ವಾರಸುದಾರರು ಆಮೇಲೂ ಅದೇ ಬ್ಯಾಂಕಿನಲ್ಲಿ ಕೇಳಿ ಪಡೆಯಬಹುದು. ಹುಡುಕಲು ರಿಸರ್ವ್ ಬ್ಯಾಂಕ್ 2023ರಲ್ಲಿ ‘ಉದ್ಗಮ್’ ಎಂಬ ಪೋರ್ಟಲ್ ತೆರೆದಿದೆ. ಷೇರಿನ ಕೆಲಸ ಇದಕ್ಕಿಂತ ಉದ್ದ. ಸತತ 7 ವರ್ಷ ಡಿವಿಡೆಂಡ್ ತೆಗೆದುಕೊಳ್ಳದಿದ್ದರೆ ಡಿವಿಡೆಂಡ್ ಜೊತೆಗೆ ಷೇರುಗಳೂ ಕೇಂದ್ರ ಸರ್ಕಾರದ ಐಇಪಿಎಫ್ ಎಂಬ ನಿಧಿಗೆ ಹೋಗುತ್ತವೆ. ಅಲ್ಲಿಂದ ವಾಪಸು ಪಡೆಯಲು ಐಇಪಿಎಫ್-5 ಅರ್ಜಿ ಹಾಕಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ, ಪ್ಯಾನ್, ಡಿಮ್ಯಾಟ್ ಖಾತೆ ಎಲ್ಲವನ್ನೂ ಮೊದಲೇ ಹೊಂದಿಸಿಕೊಳ್ಳಿ. ಓಡಾಟ ಇದ್ದೇ ಇದೆ. ಆದರೂ ‘ಪಾಲು ಕೊಡಿ, ಬಿಡಿಸಿಕೊಡುತ್ತೇವೆ’ ಎನ್ನುವವರ ಕೈಗೆ ಮೂಲಪತ್ರ ಕೊಡಬೇಡಿ.

ಕಾಗದ ಮುಗಿದ ಮೇಲೆ ಅಟ್ಟ. ಹಿತ್ತಾಳೆ ಕೊಳದಪ್ಪಲೆ, ತಾಮ್ರದ ಹಂಡೆ, ಮದುವೆಗೆ ಮುಯ್ಯಿ ಬಂದ, ಕೊಟ್ಟವರ ಹೆಸರು ಚುಕ್ಕಿ ಚುಕ್ಕಿಯಾಗಿ ಕೆತ್ತಿದ ಸ್ಟೀಲಿನ ಡಬ್ಬಿಗಳು. ಅವರಲ್ಲಿ ಹಲವರು ಈಗಿಲ್ಲ. ಕೊಳದಪ್ಪಲೆಯನ್ನು ಕೆಳಗಿಳಿಸಿದಾಗ ಅಕ್ಕ ಅದರ ಕಂಠ ಹಿಡಿದುಕೊಂಡು, “ಇದನ್ನ ಕೊಟ್ಟುಬಿಟ್ಟರೆ ಅಮ್ಮನ್ನೇ ಕೊಟ್ಟುಬಿಟ್ಟ ಹಾಗಾಗುತ್ತೆ ಕಣೇ” ಅಂದಳು. ಪಾತ್ರೆ ಅಂಗಡಿಯವರು ತೂಕ ಹಾಕಿ ಹೇಳಿದ ಬೆಲೆ ಅವಳಿಗೆ ಅವಮಾನ ಅನ್ನಿಸಿತು. ಹಳೇ ಹಿತ್ತಾಳೆಗೆ ಕೆಲಸಗಾರಿಕೆಯ ಲೆಕ್ಕ ಇಲ್ಲ, ಬರೀ ಕೆಜಿ ಲೆಕ್ಕ. ಅಂಗಡಿಯವರದೂ ತಪ್ಪಲ್ಲ, ಅಕ್ಕನದೂ ತಪ್ಪಲ್ಲ.

ಸಂಶೋಧಕರು ಈ ಬೆಲೆಯ ಅಂತರವನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಡೇನಿಯಲ್ ಕಾನಮನ್, ಜ್ಯಾಕ್ ನೆಟ್ಶ್ ಮತ್ತು ರಿಚರ್ಡ್ ಥೇಲರ್ 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲಿ ಅರ್ಧ ಜನಕ್ಕೆ ಸಾಧಾರಣ ಕಾಫಿ ಮಗ್ ಕೊಟ್ಟರು. ಮಗ್ ಸಿಕ್ಕವರು ಅದನ್ನು ಮಾರಲು ಕೇಳಿದ ಬೆಲೆ, ಸಿಗದವರು ಕೊಡಲು ಒಪ್ಪಿದ ಬೆಲೆಯ ಎರಡು ಪಟ್ಟಿನಷ್ಟಿತ್ತು. ಆಗಷ್ಟೇ ಕೈಗೆ ಬಂದ ಮಗ್‌ಗೇ ಹೀಗಾದರೆ, ಅಮ್ಮ ಹಬ್ಬಕ್ಕೆ ಹುಳಿ ಮಾಡುತ್ತಿದ್ದ ಪಾತ್ರೆಯ ಮಾತೇನು?

ಹಾಗಾಗಿ ಮನಸ್ಸಿನಲ್ಲಿರುವ ಬೆಲೆಯನ್ನು ಅಂಗಡಿಯಲ್ಲಿ ಹುಡುಕಬಾರದು. ಅದು ಸಿಗುವುದು ಮನೆಯೊಳಗೆ, ವಸ್ತುವನ್ನು ಬಳಸಿದಾಗ. ಕೊಳದಪ್ಪಲೆಯನ್ನು ಅಕ್ಕ ಕಲಾಯಿ ಹಾಕಿಸಿ ಇಟ್ಟುಕೊಂಡಳು, ಯುಗಾದಿಗೂ ಗೌರಿ ಹಬ್ಬಕ್ಕೂ ಅದರಲ್ಲೇ ಅಡುಗೆ. ಹಂಡೆಯನ್ನು ತೂಕಕ್ಕೆ ಕೊಟ್ಟೆವು. ಗೀಸರ್ ಇರುವ ಬಚ್ಚಲಲ್ಲಿ ಅದಕ್ಕೆ ಕೆಲಸವಿಲ್ಲ, ಒಬ್ಬರಿಂದ ಎತ್ತಲೂ ಆಗದು.

ಸುಮ್ಮನೆ ಇಟ್ಟುಕೊಂಡರೆ ಖರ್ಚೇನು ಎಂದು ಬಹಳ ಜನ ಕೇಳುತ್ತಾರೆ. 1,000 ಚದರಡಿಯ ಮನೆಗೆ ತಿಂಗಳಿಗೆ 25,000 ರೂಪಾಯಿ ಬಾಡಿಗೆ ಎಂದಿಟ್ಟುಕೊಳ್ಳಿ. ಸಾಮಾನು ತುಂಬಿಸಿ ಬಾಗಿಲು ಹಾಕಿದ 100 ಚದರಡಿಯ ಕೋಣೆಗೆ ನೀವು ವರ್ಷಕ್ಕೆ 30,000 ರೂಪಾಯಿ ತೆರುತ್ತಿದ್ದೀರಿ. ಸ್ವಂತ ಮನೆಯಾದರೆ ಸಾಲದ ಕಂತಿನಲ್ಲಿ ಅಷ್ಟು ಪಾಲು ಆ ಕೋಣೆಯದು. ಇನ್ನೂ ಒಂದು ಕೋಣೆ ಇರುವ ಮನೆ ಬೇಕು ಎಂದು ಹೊರಡುವ ಮುನ್ನ ಈ ಲೆಕ್ಕ ಹಾಕಲೇಬೇಕು.

ಅರಿಶಿನ ಕುಂಕುಮಕ್ಕೆ ಬಂದ ಬ್ಲೌಸ್ ಪೀಸುಗಳ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ. ಹೊಲಿಸಲು ಬಾರದ ತುಂಡನ್ನು ಇನ್ನೊಬ್ಬರ ಮಡಿಲಿಗೆ ದಾಟಿಸುತ್ತ ಹೋಗುವುದು ಮರ್ಯಾದೆಯಲ್ಲ. ಕೊಡುವುದಾದರೆ ಉಡುವಂಥದ್ದು ಕೊಡೋಣ, ಇಲ್ಲದಿದ್ದರೆ ಹೂವು, ಹಣ್ಣು ಸಾಕು.

ಸೀರೆಗೆ ಬಂದಾಗ ಅವಸರ ಬೇಡ. ಹಳೇ ರೇಷ್ಮೆ ಸೀರೆಯ ಅಸಲಿ ಜರಿ ಎಂದರೆ ಚಿನ್ನದ ನೀರು ಕೊಟ್ಟ ಬೆಳ್ಳಿಯ ಎಳೆ. ಬೀದಿಯಲ್ಲಿ ಕೂಗಿಕೊಂಡು ಬರುವವರು ಹೇಳಿದ ಮೊದಲ ಬೆಲೆಗೆ ಕೊಡದೆ ಎರಡು ಮೂರು ಕಡೆ ತೋರಿಸಿ. ಮಡಿಕೆಯಲ್ಲಿ ಬಿರಿದ ಸೀರೆಗಳನ್ನಷ್ಟೇ ನಾವು ಜರಿಗೆ ಕೊಟ್ಟೆವು, ಗಟ್ಟಿ ಇದ್ದವನ್ನು ಉಡುವ ಹೆಣ್ಣುಮಕ್ಕಳು ಹಂಚಿಕೊಂಡರು. ಬಟ್ಟೆ, ಪಾತ್ರೆ, ಮಂಚ ಮಾರಿದರೆ ತೆರಿಗೆಯ ಚಿಂತೆಯಿಲ್ಲ. ಒಡವೆ ಹಾಗಲ್ಲ. ಬಳುವಳಿಯಾಗಿ ಬಂದ ಚಿನ್ನ ಮಾರಿದರೂ ಬಂದ ಲಾಭಕ್ಕೆ ತೆರಿಗೆ ಇದೆ, 2024ರ ಜುಲೈ 23ರ ನಂತರ ದೀರ್ಘಾವಧಿ ಲಾಭಕ್ಕೆ ಶೇ 12.5. ಅಮ್ಮನ ಕಾಲದ ಖರೀದಿ ರಸೀದಿ ಆಗ ಕೆಲಸಕ್ಕೆ ಬರುತ್ತದೆ, ಕಾಗದ ಮೊದಲು ಎಂದದ್ದಕ್ಕೆ ಇದೂ ಒಂದು ಕಾರಣ.

ಈಗ ನನ್ನ ಬೀರುವಿನಲ್ಲಿ ಒಂದೇ ಫೈಲು. ಯಾವ ಖಾತೆಗೆ ಯಾರು ನಾಮಿನಿ, ಲಾಕರ್ ಕೀಲಿ ಎಲ್ಲಿ, ವಿಮೆ ಯಾವುದು ಎಂದು ಕೈಬರಹದಲ್ಲಿ ಬರೆದಿಟ್ಟು ಮಗಳಿಗೆ ತೋರಿಸಿದ್ದೇನೆ. ಯಾವ ಪಾತ್ರೆ, ಯಾವ ಸೀರೆ ಬೇಕು ಎಂದು ಅವಳನ್ನೇ ಕೇಳಿದ್ದೇನೆ. ಅವಳು ಬೇಡ ಎಂದ ಸಾಮಾನು ಬೇರೆಯವರ ಮನೆಗಳಿಗೆ ಹೋಗುತ್ತಿದೆ.