ಎಳೆಯ ಮಕ್ಕಳೂ ಮೊಬೈಲ್ ಪರದೆಯೂ

ನಮ್ಮ ರಾಜ್ಯದ ಉತ್ತರ ಭಾಗದ ಅನೇಕ ಹಳ್ಳಿಗಳ ಜನರು ಟಿ.ವಿ.ಯನ್ನು ಮೊದಲು ಕಂಡದ್ದು ಶಾಲೆ, ಪಂಚಾಯತಿ ಕಟ್ಟಡ ಮೊದಲಾದ ಸಾರ್ವಜನಿಕ ಸ್ಥಳಗಳಲ್ಲಿ. 1975ರ ಆಗಸ್ಟ್ ತಿಂಗಳಿನಿಂದ 1976ರ ಜುಲೈ ತಿಂಗಳವರೆಗೆ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಗ್ರಾಮಗಳಿಗೆ ಶಿಕ್ಷಣ, ಕೃಷಿ ಹಾಗೂ ಆರೋಗ್ಯದ ಕಾರ್ಯಕ್ರಮಗಳನ್ನು ಬಿತ್ತರಿಸಿದ ಪ್ರಯೋಗದಲ್ಲಿ ಅಂದಿನ ಗುಲ್ಬರ್ಗಾ, ಬಿಜಾಪುರ ಮತ್ತು ರಾಯಚೂರು ಜಿಲ್ಲೆಗಳ ಗ್ರಾಮಗಳೂ ಸೇರಿದ್ದವು. ಬೆಳಗಿನ ವೇಳೆ ಶಾಲೆಯ ಮಕ್ಕಳಿಗೆ, ಸಂಜೆಯ ವೇಳೆ ಊರಿನವರಿಗೆ ಎಂದು ಹೊತ್ತು ಗೊತ್ತಾಗಿತ್ತು. ಹೊತ್ತು ಮುಗಿದ ಮೇಲೆ ಪೆಟ್ಟಿಗೆಯನ್ನು ಮುಚ್ಚಲಾಗುತ್ತಿತ್ತು. ಜನರು ಕಂಡದ್ದನ್ನು ಮಾತನಾಡಿಕೊಳ್ಳುತ್ತ ಮನೆಗೆ ಹೋಗುತ್ತಿದ್ದರು.

ಇಂದು ಪರದೆಯು ಅಂಗೈಯಗಲವಾಗಿ ಮನೆಯೊಳಕ್ಕೂ ತೊಟ್ಟಿಲಿನ ಬಳಿಗೂ ಬಂದಿದೆ. ಅದಕ್ಕೆ ಮುಚ್ಚುವ ಹೊತ್ತು ಎಂಬುದಿಲ್ಲ. ಒಂದು ಚಿತ್ರ ಮುಗಿದರೆ ಮತ್ತೊಂದು ತಾನಾಗಿಯೇ ಆರಂಭವಾಗುತ್ತದೆ. ದೊಡ್ಡವರಿಗೇ ಅದನ್ನು ಕೆಳಗಿಡುವುದು ಕಷ್ಟವಾಗಿರುವಾಗ, ಎರಡು ವರ್ಷ ತುಂಬದ ಕೂಸು ತಾನಾಗಿ ಕೆಳಗಿಟ್ಟೀತೆಂದು ನಿರೀಕ್ಷಿಸುವುದು ಸರಿಯಲ್ಲ. ಆದುದರಿಂದ ಆ ಹೊತ್ತನ್ನು ಗೊತ್ತುಪಡಿಸುವ ಹೊಣೆಯು ಈಗ ದಂಪತಿಗಳ ಮೇಲೆಯೇ ಬಿದ್ದಿದೆ.

ಯಾವ ವಯಸ್ಸಿನಲ್ಲಿ ಎಷ್ಟು ಹೊತ್ತು?

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ಎರಡು ವರ್ಷ ತುಂಬುವವರೆಗೆ ಮಗುವಿಗೆ ಪರದೆಯನ್ನು ತೋರಿಸುವ ಅವಶ್ಯಕತೆಯೇ ಇಲ್ಲ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದು. ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯೂ ಬಹುಮಟ್ಟಿಗೆ ಇದನ್ನೇ ಹೇಳಿ, ಐದು ವರ್ಷದವರೆಗೆ ಈ ಮಿತಿಯನ್ನು ವಿಧಿಸಿದೆ. ಆದರೆ ದೂರದಲ್ಲಿರುವ ಬಂಧುಗಳೊಡನೆ ಆಗೊಮ್ಮೆ ಈಗೊಮ್ಮೆ ವಿಡಿಯೋ ಕರೆಯಲ್ಲಿ ಮಾತನಾಡುವುದಕ್ಕೆ ಅದು ಅಡ್ಡಿ ಹೇಳುವುದಿಲ್ಲ. ಬೆಂಗಳೂರಿನಲ್ಲಿ ದುಡಿಯುವ, ಸೈನ್ಯದಲ್ಲಿರುವ ಅಥವಾ ಕೊಲ್ಲಿ ದೇಶಕ್ಕೆ ಹೋಗಿರುವ ತಂದೆಯು ಮಗುವಿನ ಮುಖ ನೋಡಿ ಮಾತನಾಡುವುದರಲ್ಲಿ ದೋಷವಿಲ್ಲ. ಆ ವೇಳೆಯಲ್ಲಿ ಮಗುವು ತಾಯಿಯ ಅಥವಾ ಅಜ್ಜಿಯ ತೊಡೆಯ ಮೇಲಿದ್ದು, "ನೋಡು, ಅಪ್ಪ ಕರೆಯುತ್ತಿದ್ದಾರೆ" ಎಂದು ತೋರಿಸಿ ಹೇಳುವವರು ಇರಬೇಕು, ಅಷ್ಟೆ.

ಮಗು ಮಾತು ಕಲಿಯುವ ಬಗೆ

ಪರದೆಯ ಬೆಳಕಿನಲ್ಲಿ ವಿಷವೇನೂ ಇಲ್ಲ. ಮಗು ಅದನ್ನು ನೋಡುತ್ತ ಕುಳಿತಿರುವ ಹೊತ್ತಿನಲ್ಲಿ ಏನೇನು ನಡೆಯದೆ ಹೋಗುತ್ತದೆ ಎಂಬುದರಲ್ಲಿ ಹಾನಿಯಿದೆ. ಇದನ್ನು ತಾಯಿತಂದೆಯರು ಚೆನ್ನಾಗಿ ಮನಗಾಣಬೇಕು.

ಹುಟ್ಟಿದ ಮಗುವಿನ ಮೆದುಳು ಮೊದಲ ಒಂದು ವರ್ಷದಲ್ಲಿ ಸುಮಾರು ಇಮ್ಮಡಿಯಾಗುತ್ತದೆ; ಮೂರು ವರ್ಷದ ವೇಳೆಗೆ ದೊಡ್ಡವರ ಮೆದುಳಿನ ಗಾತ್ರದ ಸುಮಾರು ಶೇಕಡ 80ರಷ್ಟಕ್ಕೆ ಬರುತ್ತದೆ. ಈ ಬೆಳವಣಿಗೆಗೆ ಹಾಲು ಹಾಗೂ ಅನ್ನ ಎಷ್ಟು ಮುಖ್ಯವೋ ಮನುಷ್ಯರ ಒಡನಾಟವೂ ಅಷ್ಟೇ ಮುಖ್ಯ. ನವಜಾತ ಶಿಶುವಿಗೆ ಸ್ಪಷ್ಟವಾಗಿ ಕಾಣುವುದು ಸುಮಾರು 20ರಿಂದ 30 ಸೆಂಟಿಮೀಟರ್ ದೂರದ ವಸ್ತು ಮಾತ್ರ. ಎದೆಹಾಲು ಕುಡಿಯುವ ಕೂಸಿನ ಕಣ್ಣಿಗೂ ತಾಯಿಯ ಮುಖಕ್ಕೂ ಇರುವ ಅಂತರ ಇದೇ. ಹಾಲು ಕುಡಿಯುತ್ತ ಕೂಸು ತಾಯಿಯ ಮುಖವನ್ನೇ ನೋಡುತ್ತದೆ. ಆಗ ತಾಯಿಯ ಕಣ್ಣು ಮೊಬೈಲಿನಲ್ಲಿ ನೆಟ್ಟಿದ್ದರೆ ಕೂಸಿನ ನೋಟಕ್ಕೆ ಉತ್ತರ ದೊರೆಯುವುದಿಲ್ಲ. ದಿನಕ್ಕೆ ಹತ್ತು ಹನ್ನೆರಡು ಬಾರಿ ಹಾಲೂಡುವ ಬಾಣಂತಿಗೆ ಬೇಸರವಾಗುವುದು ಸಹಜ. ಪ್ರತಿ ಬಾರಿಯೂ ಮೊಬೈಲ್ ಮುಟ್ಟಲೇಬಾರದೆಂದು ನಾವು ಹೇಳುವುದಿಲ್ಲ. ಆದರೆ ಕೂಸು ಎಚ್ಚರವಾಗಿದ್ದು ಮುಖ ನೋಡುತ್ತಿರುವಾಗಲಾದರೂ ಅದನ್ನು ಪಕ್ಕಕ್ಕಿಡಬೇಕು.

ಕೂಸು "ಊಂ" ಎಂದರೆ ತಾಯಿ "ಏನಪ್ಪ, ಹಸಿವಾಯಿತೇ?" ಎನ್ನುತ್ತಾಳೆ. ಕೂಸು ಮತ್ತೆ ಸ್ವರ ಹೊರಡಿಸುತ್ತದೆ. ತಾಯಿ ಮತ್ತೆ ಉತ್ತರಿಸುತ್ತಾಳೆ. ಮಾತಿನ ಮೊದಲ ಪಾಠವು ಈ ಕೊಡುಕೊಳ್ಳುವಿಕೆಯಲ್ಲಿಯೇ ನಡೆಯುತ್ತದೆ. ಮೊಬೈಲಿನ ಗೊಂಬೆಯು ಎಷ್ಟೇ ಚೆನ್ನಾಗಿ ಹಾಡಿದರೂ ಮಗುವಿನ "ಊಂ" ಎಂಬುದಕ್ಕೆ ಕಾಯುವುದಿಲ್ಲ, ಉತ್ತರಿಸುವುದೂ ಇಲ್ಲ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕೂಲ್ ಮತ್ತು ಅವರ ಸಹೋದ್ಯೋಗಿಗಳು 2003ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದನ್ನು ಬಹು ಸರಳವಾಗಿ ತೋರಿಸಿಕೊಟ್ಟಿತು. ಇಂಗ್ಲಿಷ್ ಮನೆಮಾತಿನ ಒಂಬತ್ತು ತಿಂಗಳ ಕೂಸುಗಳ ಒಂದು ಗುಂಪಿನೊಡನೆ ಚೀನೀ ಭಾಷೆಯವರು ಎದುರಿಗೆ ಕುಳಿತು ಆಟವಾಡಿಸುತ್ತ ಮಾತನಾಡಿದರು. ಮತ್ತೊಂದು ಗುಂಪಿಗೆ ಅಂತಹುದೇ ಆಟಪಾಠಗಳನ್ನು ಪರದೆಯ ಮೇಲೆ ತೋರಿಸಲಾಯಿತು. ಹನ್ನೆರಡು ಬಾರಿ ಹೀಗೆ ಮಾಡಿದ ಮೇಲೆ ಪರೀಕ್ಷಿಸಿದಾಗ ಮೊದಲ ಗುಂಪಿನ ಕೂಸುಗಳು ಆ ಭಾಷೆಯ ಧ್ವನಿಗಳನ್ನು ಗುರುತಿಸಬಲ್ಲವಾಗಿದ್ದವು. ಪರದೆಯನ್ನು ನೋಡಿದ ಕೂಸುಗಳು ಕಲಿತದ್ದು ಏನೂ ಇರಲಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸುವುದು ಅಗತ್ಯ. ಎರಡೂಕಾಲು ವರ್ಷದ ಗಂಡು ಮಗುವೊಂದನ್ನು ತಾಯಿಯು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೆಮ್ಮಿನ ಸಲುವಾಗಿ ಕರೆತಂದಿದ್ದರು. ಮಗುವು ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳನ್ನೂ ತಪ್ಪಿಲ್ಲದೆ ಹೇಳಿತು. ಜೊತೆಗಿದ್ದ ಅಜ್ಜಿಗೆ ಅದು ಹೆಮ್ಮೆಯ ಸಂಗತಿಯಾಗಿತ್ತು. ಸ್ವಲ್ಪ ಹೊತ್ತಿನಲ್ಲಿ ಬಾಯಾರಿಕೆಯಾದಾಗ ಆ ಮಗು ತಾಯಿಯ ಕೈ ಹಿಡಿದೆಳೆದು ನೀರಿನ ಬಾಟಲಿಯ ಬಳಿಗೆ ಒಯ್ದಿತೇ ಹೊರತು "ನೀರು" ಎನ್ನಲಿಲ್ಲ. "ಅಮ್ಮ" ಎಂದೂ ಕರೆಯುತ್ತಿರಲಿಲ್ಲವೆಂದು ವಿಚಾರಿಸಿದಾಗ ತಿಳಿಯಿತು. ಕೇಳಿದ್ದನ್ನು ಒಪ್ಪಿಸುವುದು ಬೇರೆ, ಬೇಕಾದುದನ್ನು ಮಾತಿನಿಂದ ಕೇಳುವುದು ಬೇರೆ. ಮೊದಲನೆಯದನ್ನು ಸಾಕಿದ ಗಿಳಿಯೂ ಮಾಡುತ್ತದೆ. ಈ ಮಗುವನ್ನು ಕಿವಿಯ ಪರೀಕ್ಷೆಗೂ ಬೆಳವಣಿಗೆಯ ಪರೀಕ್ಷೆಗೂ ಜಿಲ್ಲಾ ಆಸ್ಪತ್ರೆಗೆ ಕಳುಹಿಸಲಾಯಿತು. ಶ್ರವಣಶಕ್ತಿ ಸರಿಯಾಗಿತ್ತು. ಮನೆಯಲ್ಲಿ ದಿನಕ್ಕೆ ನಾಲ್ಕೈದು ಗಂಟೆ ನಡೆಯುತ್ತಿದ್ದ ಮೊಬೈಲನ್ನು ನಿಲ್ಲಿಸಿ, ತಜ್ಞರು ಹೇಳಿಕೊಟ್ಟಂತೆ ಮಗುವಿನೊಡನೆ ಮಾತುಕತೆ ನಡೆಸಿದ ಮೇಲೆ ಕೆಲವು ತಿಂಗಳಲ್ಲಿ ಮಾತುಗಳು ಒಂದೊಂದಾಗಿ ಬಂದವು. ಎಲ್ಲ ಮಕ್ಕಳಲ್ಲಿಯೂ ಇಷ್ಟು ಸುಲಭವಾಗಿ ಬರುತ್ತವೆಂದು ಹೇಳಲಾಗದು.

ಊಟದ ಹೊತ್ತಿನ ಮೊಬೈಲ್

"ಮೊಬೈಲ್ ಹಚ್ಚದಿದ್ದರೆ ತುತ್ತು ಇಳಿಯುವುದಿಲ್ಲ ಡಾಕ್ಟರೇ" ಎಂಬುದು ಗುರುವಾರದ ಲಸಿಕೆಯ ದಿನ ನಾವು ಅತಿ ಹೆಚ್ಚಾಗಿ ಕೇಳುವ ಮಾತು. ಹಾಗೆ ಉಣ್ಣಿಸಿದ ತುತ್ತನ್ನು ಮಗು ನುಂಗುತ್ತದೆ, ನಿಜ. ಆದರೆ ತಾನು ಏನನ್ನು ತಿನ್ನುತ್ತಿದ್ದೇನೆ, ರುಚಿ ಹೇಗಿದೆ, ಹೊಟ್ಟೆ ತುಂಬಿತೇ ಎಂಬ ಅರಿವು ಅದಕ್ಕಿರುವುದಿಲ್ಲ. ಕೆಲವು ಮಕ್ಕಳು ತುತ್ತನ್ನು ಕೆನ್ನೆಯಲ್ಲಿಯೇ ಇಟ್ಟುಕೊಂಡು ಅರ್ಧ ಗಂಟೆ ಕುಳಿತಿರುತ್ತಾರೆ. ಕ್ರಮೇಣ ಅಗಿಯುವ ಅಭ್ಯಾಸವೇ ತಪ್ಪಿ, ಎರಡು ವರ್ಷದ ಮಗುವಿಗೂ ಅನ್ನವನ್ನು ನುಣ್ಣಗೆ ಮಾಡಿ ಕೊಡಬೇಕಾಗುತ್ತದೆ.

ಮಗು ಊಟ ಬೇಡವೆನ್ನುವುದಕ್ಕೆ ನಿಜವಾದ ಕಾರಣ ಹಲವು ಮನೆಗಳಲ್ಲಿ ಬೇರೆಯೇ ಇರುತ್ತದೆ. ಹನ್ನೊಂದು ಗಂಟೆಗೆ ಚಹಾದಲ್ಲಿ ಅದ್ದಿದ ಬಿಸ್ಕತ್ತು, ಹನ್ನೆರಡಕ್ಕೆ ಅಂಗಡಿಯ ಕುರುಕಲು ತಿಂಡಿಯ ಪೊಟ್ಟಣ, ನಡುನಡುವೆ ಬಾಟಲಿಯ ಹಾಲು ಹೊಟ್ಟೆ ಸೇರಿದ ಮೇಲೆ ಒಂದು ಗಂಟೆಯ ಮುದ್ದೆಗೆ ಹಸಿವೆಲ್ಲಿಂದ ಬರಬೇಕು? ಮೊದಲು ಇವುಗಳನ್ನು ನಿಲ್ಲಿಸಬೇಕು. ಮನೆಯವರು ಉಣ್ಣುವಾಗಲೇ ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಅದಕ್ಕೆಂದು ಒಂದು ಚಿಕ್ಕ ತಟ್ಟೆ ಇಟ್ಟು, ಮೆತ್ತಗಿನ ಅನ್ನಸಾರು, ಮುದ್ದೆ, ಬೇಯಿಸಿದ ತರಕಾರಿ, ಮೊಟ್ಟೆ ಏನಿದೆಯೋ ಅದನ್ನು ಕೈಯಿಂದ ಮುಟ್ಟಲು ಬಿಡಬೇಕು. ಅರ್ಧ ಚೆಲ್ಲುತ್ತದೆ, ಚೆಲ್ಲಲಿ. ಅರ್ಧ ಗಂಟೆಯಲ್ಲಿ ತಟ್ಟೆಯನ್ನು ತೆಗೆದುಬಿಡಬೇಕು. ಗದರಿಸಬಾರದು, ಬಾಯಿಗೆ ತುರುಕಬಾರದು. ಒಂದು ಹೊತ್ತು ಕಡಿಮೆ ತಿಂದ ಮಗು ಮುಂದಿನ ಹೊತ್ತಿಗೆ ಹಸಿದು ಬರುತ್ತದೆ. ತೂಕದ ಬಗ್ಗೆ ಆತಂಕವಿದ್ದರೆ ಅಂಗನವಾಡಿಯಲ್ಲಿ ಪ್ರತಿ ತಿಂಗಳೂ ತೂಕ ಮಾಡಿಸಿ ನೋಡಬಹುದು. ತೂಕ ಏರದಿದ್ದರೆ ವೈದ್ಯರನ್ನು ಕಾಣಬೇಕು. ಅದಕ್ಕೆ ಮೊಬೈಲ್ ಪರಿಹಾರವಲ್ಲ.

ನಿದ್ರೆಯ ವಿಷಯ ಸಂಕ್ಷೇಪವಾಗಿ ಹೇಳಬಹುದು. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲಿನ ನಿದ್ರೆಯೂ ಸೇರಿ 11ರಿಂದ 14 ಗಂಟೆ, ಮೂರು ನಾಲ್ಕು ವರ್ಷದ ಮಗುವಿಗೆ 10ರಿಂದ 13 ಗಂಟೆ ನಿದ್ರೆ ಬೇಕು. ಪರದೆಯ ಬೆಳಕು ನಿದ್ರೆ ತರಿಸುವ ರಸದೂತವನ್ನು ತಡೆಯುವುದರಿಂದ ಮಲಗುವುದಕ್ಕೆ ಒಂದು ಗಂಟೆ ಮೊದಲೇ ಮೊಬೈಲ್, ಟಿ.ವಿ. ಎರಡನ್ನೂ ನಿಲ್ಲಿಸಬೇಕು. ಕಣ್ಣಿನ ಹಿತಕ್ಕೆ ಬಯಲಿನ ಬೆಳಕಿನಲ್ಲಿ ಆಡುವುದು ಅತ್ಯುತ್ತಮ. ಚೀನಾದ ಗುವಾಂಗ್‌ಝೌ ನಗರದಲ್ಲಿ ಶಾಲೆಗೆ ಹೊಸದಾಗಿ ಸೇರಿದ ಆರು ವರ್ಷದ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟಾಗ, ಮೂರು ವರ್ಷಗಳಲ್ಲಿ ದೂರದೃಷ್ಟಿ ಮಂದವಾದವರ ಪ್ರಮಾಣ ಶೇಕಡ 39.5ರ ಬದಲು 30.4 ಆಯಿತೆಂದು 2015ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂದಿದೆ. ಅಂಗಳವೂ ಬಯಲೂ ಇರುವ ಹಳ್ಳಿಯ ಮಕ್ಕಳಿಗೆ ಇದು ಖರ್ಚಿಲ್ಲದೆ ದೊರೆಯುವ ಭಾಗ್ಯ.

ಕೆಲಸದ ಹೊತ್ತಿನಲ್ಲಿ ಏನು ಮಾಡಬೇಕು?

ತಾಯಂದಿರು ಮೋಜಿಗಾಗಿ ಮಗುವಿನ ಕೈಗೆ ಮೊಬೈಲ್ ಕೊಡುವುದಿಲ್ಲ. ಒಲೆಯ ಮುಂದೆ ಕುದಿಯುವ ಸಾರು, ಹಿತ್ತಲಲ್ಲಿ ನೀರಿನ ತೊಟ್ಟಿ, ಕೊಟ್ಟಿಗೆಯಲ್ಲಿ ದನ ಇರುವಾಗ ಅಂಬೆಗಾಲಿಡುವ ಮಗು ಒಂದು ಕಡೆ ಕುಳಿತಿದ್ದರೆ ಸಾಕೆಂಬ ನಿರುಪಾಯದಿಂದ ಕೊಡುತ್ತಾರೆ. ಇದನ್ನು ಅರಿಯದೆ ಬರಿಯ ಉಪದೇಶ ಮಾಡುವುದರಿಂದ ಪ್ರಯೋಜನವಿಲ್ಲ. ಎರಡನೆಯ ಬಾಣಂತನವಾದ ಮನೆಗಳಲ್ಲಂತೂ ಹಸುಗೂಸು ತಾಯಿಯ ಮಡಿಲಿನಲ್ಲಿ, ದೊಡ್ಡ ಮಗು ಮೊಬೈಲಿನ ಮುಂದೆ ಎಂಬ ಸ್ಥಿತಿ ಸಾಮಾನ್ಯವಾಗಿದೆ.

ಇಲ್ಲಿಯೇ ತಂದೆಯ ಪಾತ್ರ ಮುಖ್ಯವಾಗುತ್ತದೆ. ಅಡುಗೆ ನಡೆಯುವ ಸಂಜೆಯ ಒಂದು ಗಂಟೆ ಮಗುವನ್ನು ತಂದೆಯೇ ಎತ್ತಿಕೊಂಡು ಹೊರಗೆ ಹೋದರೆ ಬೇಡಿಕೆಯ ಅರ್ಧಭಾಗ ತಾನಾಗಿ ಇಲ್ಲವಾಗುತ್ತದೆ. ದನಕ್ಕೆ ಮೇವು ಹಾಕುವಾಗ, ಬೀದಿಯ ಕಟ್ಟೆಯಲ್ಲಿ ಕೂರುವಾಗ ಮಗು ಜೊತೆಗಿರಲಿ. "ಇದು ಕರು, ಅದು ಕಾಗೆ" ಎಂದು ಹೇಳುತ್ತಿರಲಿ. ಸಂಜೆ ಮನೆಗೆ ಬಂದ ತಂದೆ ತಾನೇ ಮೊಬೈಲಿನಲ್ಲಿ ಮುಳುಗಿದರೆ ಮಗು ಕಲಿಯುವುದು ಅದನ್ನೇ.

ಅಡುಗೆಮನೆಯ ಬಾಗಿಲಲ್ಲಿ, ಬೆಂಕಿಗೆ ದೂರವಾಗಿ, ಸ್ಟೀಲಿನ ಬಟ್ಟಲು, ಮರದ ಸೌಟು, ಮುಚ್ಚಳ, ತೆಂಗಿನ ಚಿಪ್ಪುಗಳನ್ನು ಹರಡಿಕೊಟ್ಟರೆ ಒಂದು ವರ್ಷದ ಮಗು ಬಹಳ ಹೊತ್ತು ಬಡಿದು, ತುಂಬಿಸಿ, ಸುರಿದು ಆಡುತ್ತದೆ. ಗದ್ದಲವನ್ನು ಸಹಿಸಿಕೊಳ್ಳಬೇಕು. ಜೋಳದ ದಂಟಿನ ಬಂಡಿ, ಚನ್ನಪಟ್ಟಣದ ಮರದ ಗೊಂಬೆ, ಹಳೆಯ ಬಟ್ಟೆಯ ಚೆಂಡು ಯಾವುದಾದರೂ ಸರಿ. ಕಡಲೆಕಾಳು, ಹುಣಸೆಬೀಜ, ಗುಂಡಿ, ಗೋಲಿ, ಗಡಿಯಾರದ ಚಿಕ್ಕ ಸೆಲ್ ಇವು ಮಾತ್ರ ಕೈಗೆ ಸಿಗಬಾರದು. ಗಂಟಲಿನಲ್ಲಿ ಸಿಕ್ಕಿ ಪ್ರಾಣಾಪಾಯವಾಗುತ್ತದೆ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ 2023-24ರಿಂದ ಅನೇಕ ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರಗಳನ್ನು ತೆರೆಯಲಾಗಿದೆ. ತಮ್ಮ ಪಂಚಾಯತಿಯಲ್ಲಿ ವಿಚಾರಿಸಬೇಕು. ಮೂರು ವರ್ಷ ತುಂಬಿದ ಮಗುವನ್ನು ಅಂಗನವಾಡಿಗೆ ತಪ್ಪದೆ ಕಳುಹಿಸಬೇಕು.

ಈಗಾಗಲೇ ಅಭ್ಯಾಸವಾಗಿದ್ದರೆ ಬಿಡಿಸುವುದು ಹೇಗೆಂದು ಕೇಳುವವರುಂಟು. ಮನೆಯ ಎಲ್ಲರೂ, ವಿಶೇಷವಾಗಿ ಅಜ್ಜ ಅಜ್ಜಿಯರು, ಒಂದೇ ಮಾತಿಗೆ ಬಂದ ಮೇಲೆ ಆರಂಭಿಸಬೇಕು. ತಾಯಿ ನಿಲ್ಲಿಸಿ ಅಜ್ಜಿ ಕೊಟ್ಟರೆ ಮಗುವಿಗೆ ಅಳುವುದರ ಬೆಲೆ ತಿಳಿದುಬಿಡುತ್ತದೆ. ಮೊದಲ ಕೆಲವು ದಿನ ಮಗು ಅಳುತ್ತದೆ, ನೆಲಕ್ಕೆ ಬಿದ್ದು ಹೊರಳುತ್ತದೆ. ಹೊಡೆಯಬಾರದು, ಮೊಬೈಲನ್ನೂ ಕೊಡಬಾರದು. ಎತ್ತಿಕೊಂಡು ಹೊರಗೆ ಹೋಗುವುದೇ ಉಪಾಯ. ಮೊಬೈಲನ್ನು ಕಣ್ಣಿಗೆ ಕಾಣದಂತೆ ಎತ್ತರದ ಗೂಡಿನಲ್ಲಿ ಇಡಬೇಕು.

ಮಾತು ಬಾರದ ಮಗು

"ಇವರಪ್ಪನೂ ತಡವಾಗಿಯೇ ಮಾತನಾಡಿದ್ದ" ಎಂದು ಮೂರು ವರ್ಷದವರೆಗೆ ಕಾಯುವ ಮನೆಗಳಿವೆ. ಈಚೆಗೆ ಅದರ ಜೊತೆಗೆ "ಎಲ್ಲ ಮೊಬೈಲಿನಿಂದ ಆದದ್ದು, ಬಿಡಿಸಿದರೆ ಸರಿಯಾಗುತ್ತದೆ" ಎಂಬ ಮಾತೂ ಸೇರಿಕೊಂಡಿದೆ. ಎರಡೂ ಅಪಾಯಕರ. ಮಗುವಿಗೆ ಕಿವಿ ಕೇಳಿಸದಿರಬಹುದು. ಆಟಿಸಂ ಎಂಬ ಬೆಳವಣಿಗೆಯ ತೊಂದರೆ ಇರಬಹುದು. ಮೊಬೈಲ್ ನೋಡುವುದರಿಂದಲೇ ಆಟಿಸಂ ಉಂಟಾಗುತ್ತದೆಂದು ಸಿದ್ಧವಾಗಿಲ್ಲ. ಆದುದರಿಂದ ತಾಯಿಯನ್ನು ದೂಷಿಸುತ್ತ ಕೂರುವುದು ಅನ್ಯಾಯವೂ ಹೌದು, ಕಾಲಹರಣವೂ ಹೌದು. ಮೊಬೈಲನ್ನು ನಿಲ್ಲಿಸುವ ಕೆಲಸವೂ ಪರೀಕ್ಷೆಯ ಕೆಲಸವೂ ಒಟ್ಟಿಗೇ ನಡೆಯಬೇಕು.

ಒಂದು ವರ್ಷವಾದರೂ ಹೆಸರು ಕರೆದಾಗ ತಿರುಗಿ ನೋಡದ, "ಬಬ", "ದದ" ಎಂದು ತೊದಲದ, ಕೈ ಸನ್ನೆ ಮಾಡದ ಮಗು. ಹದಿನಾರು ತಿಂಗಳಾದರೂ ಒಂದು ಮಾತೂ ಬಾರದ ಮಗು. ಎರಡು ವರ್ಷವಾದರೂ "ಅಮ್ಮ ಬಾ", "ಹಾಲು ಬೇಕು" ಎಂದು ಎರಡು ಮಾತು ಕೂಡಿಸದ ಮಗು. ಬಂದ ಮಾತು ಯಾವ ವಯಸ್ಸಿನಲ್ಲಾದರೂ ನಿಂತುಹೋದ ಮಗು: ಇಂತಹ ಮಗುವನ್ನು ಆ ವಾರವೇ ತೋರಿಸಬೇಕು. ಆಶಾ ಕಾರ್ಯಕರ್ತೆಯು ಮನೆಗೆ ಬಂದಾಗ ಹೇಳಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡವು ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬರುತ್ತದೆ. ಆ ದಿನ ಮಗುವನ್ನು ತಪ್ಪದೆ ಕರೆದೊಯ್ಯಬೇಕು. ಅಲ್ಲಿಯವರೆಗೆ ಕಾಯದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನೇರವಾಗಿ ಬರುವುದು ಇನ್ನೂ ಉತ್ತಮ. ಅಲ್ಲಿಂದ ಜಿಲ್ಲಾ ಮಟ್ಟದ ತಜ್ಞರ ಬಳಿಗೆ ಕಳುಹಿಸಲಾಗುವುದು; ಈ ಕಾರ್ಯಕ್ರಮದಲ್ಲಿ ಪರೀಕ್ಷೆಗೂ ಚಿಕಿತ್ಸೆಗೂ ಹಣ ಕೊಡಬೇಕಾಗಿಲ್ಲ. ಬರುವಾಗ ತಾಯಿ ಕಾರ್ಡನ್ನು ತರಬೇಕು. ಮಗು ಯಾವ ತಿಂಗಳಲ್ಲಿ ಕುಳಿತಿತು, ಯಾವಾಗ ನಡೆಯಿತು, ಯಾವ ಯಾವ ಮಾತುಗಳನ್ನು ಆಡುತ್ತದೆ, ದಿನಕ್ಕೆ ಎಷ್ಟು ಹೊತ್ತು ಪರದೆಯ ಮುಂದಿರುತ್ತದೆ ಎಂಬುದನ್ನು ಗಂಡಹೆಂಡಿರು ಮನೆಯಲ್ಲಿಯೇ ಕೂಡಿ ನೆನಪು ಮಾಡಿಕೊಂಡು ಬಂದರೆ ವೈದ್ಯರಿಗೆ ಬಹಳ ಅನುಕೂಲವಾಗುತ್ತದೆ.